ಉಸಿರಾಡುವ ಹಗೇವು

ಕಮಲಾಪುರದಲ್ಲಿ ಹಳೆಯ ಮಂದಿ ಇವತ್ತಿಗೂ ನನ್ನನ್ನು ಗುರುತಿಸುವುದು 'ತೂತಿನ ಅಂಬಣ್ಣನ ಮಗಳು ಶಂಕ್ರಮ್ಮ' ಎಂದೇ. ಹಾಗೆನ್ನುವಾಗ ತುಟಿಯ ಮೂಲೆಯಲ್ಲಿ ಒಂದಿಷ್ಟು ನಗೆಯೂ ಇರುತ್ತದೆ. ಮೊದಮೊದಲು ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ನಿಂತು ಏನು ಮಾಡಲಿ? ಯಾರ ಜೊತೆ ಜಗಳಾಡಬೇಕಿತ್ತೋ ಅವರೆಲ್ಲ ಒಬ್ಬೊಬ್ಬರಾಗಿ ಮಣ್ಣಿಗೆ ಹೋದರು. ಆದರೂ ಅಪ್ಪನ ಕಥೆಯನ್ನು ಒಂದು ಸಲ ನೆಟ್ಟಗೆ ಹೇಳಿಬಿಡುತ್ತೇನೆ. ನಗುವವರು ಕೇಳಿದ ಮೇಲೆ ನಗಲಿ.

ಅಪ್ಪನ ಕೆಲಸ ಹಗೇವಿಗೆ ಇಳಿಯುವುದು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗಿನ ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಸುತ್ತಲೂ ಕಣಕಿ ಎಂಬ ಜೋಳದ ಒಣದಂಟು, ಹೊಟ್ಟು ಒತ್ತಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಎಳೆದು, ಮಣ್ಣು ಮುಚ್ಚಿ, ವಿಭೂತಿ ಹಚ್ಚಿ ಕಾಯಿ ಒಡೆದರೆ ಆಯಿತು. ವರ್ಷಗಟ್ಟಲೆ ಕಾಳಿಗೆ ಹುಳ ಹತ್ತುವುದಿಲ್ಲ. ಕುತ್ತು ಇರುವುದು ತೆಗೆಯುವಾಗ. ಮುಚ್ಚಿದ ಕಾಳಿನಲ್ಲಿ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಕಣ್ಣಿಗೆ ಕಾಣದು, ಕೈಗೆ ಸಿಗದು. ಇಳಿದವನು ಅಲ್ಲೇ ಕುಸಿದು ಕೂತನೆಂದರೆ ಮತ್ತೆ ಏಳುವುದಿಲ್ಲ. ತುಂಬಿಸುವವರು ಸಾಹುಕಾರರು, ಇಳಿಯುವವರು ನಮ್ಮ ಕೇರಿಯವರು. ಹೀಗೇ ಇರಬೇಕೆಂದು ಯಾರೂ ಹೇಳಿದ್ದಿಲ್ಲ, ಯಾಕೆ ಹೀಗೆಂದು ಯಾರೂ ಕೇಳಿದ್ದೂ ಇಲ್ಲ.

ನನ್ನ ದೊಡ್ಡಪ್ಪ ದತ್ತಪ್ಪ ಹಾಗೆಯೇ ಸತ್ತ. ಎರಡನೇ ಮಹಾಯುದ್ಧ, ದೊಡ್ಡ ಲಡಾಯಿಯ ಕಾಲ ಅದು. ನಿಜಾಮ ಸರ್ಕಾರದವರು ಲೆವಿ ಎಂದು ಮನೆಮನೆಯಿಂದ ಜೋಳ ಎತ್ತುತ್ತಿದ್ದರು. ಅಣವೀರಪ್ಪ ಸಾಹುಕಾರರ ಹಗೇವು ತೆಗೆದಾಗ ದೊಡ್ಡಪ್ಪ ಕಂದೀಲು ಇಳಿಬಿಟ್ಟು ನೋಡಿ, ಉರಿಯುತ್ತಿದೆ ಎಂದು ಇಳಿದ. ಇಳಿಬಿಟ್ಟದ್ದು ಅರ್ಧಕ್ಕಷ್ಟೇ. ತಳದಲ್ಲಿ ಏನಿದೆ ಎಂದು ನೋಡಲಿಲ್ಲ. ಮೇಲೆ ಹಗ್ಗ ಹಿಡಿದು ನಿಂತಿದ್ದವನು ನಮ್ಮಪ್ಪ. ಅಣ್ಣನ ಹೆಣವನ್ನು ತಾನೇ ಎಳೆದುಕೊಂಡ. ಊರವರು ಭೂಮ್ತಾಯಿ ಬಲಿ ತಗೊಂಡಳು ಎಂದು ಕೈ ಮುಗಿದು ಮನೆಗೆ ಹೋದರು.

ಆಮೇಲೆ ಅಪ್ಪ ಹಗೇವಿನ ಕಡೆ ಮುಖ ಹಾಕಲಿಲ್ಲ. ಕಲಬುರಗಿಗೆ ಹೋಗಿ ರೈಲ್ವೆ ಗೋದಾಮಿನಲ್ಲಿ ಹಮಾಲಿ ಕೆಲಸಕ್ಕೆ ನಿಂತ. ಅಲ್ಲಿ ಸ್ಟೇಶನ್ ಬಜಾರದಲ್ಲಿ ಸಲಾವುದ್ದೀನ್ ಎಂಬವನ ರೊಟ್ಟಿ ಭಟ್ಟಿ ಇತ್ತು. ಹಮಾಲರ ಮಧ್ಯಾಹ್ನದ ಊಟ ಅಲ್ಲೇ. ಸಲಾವುದ್ದೀನ್ ನಮ್ಮೂರಿನ ಅಳಿಯ, ಕಮಲಾಪುರದ ಲತೀಫಾಳನ್ನು ಮದುವೆಯಾಗಿದ್ದ. ಹೀಗಾಗಿ ಅಪ್ಪನ ಜೊತೆ ಅವನಿಗೆ ಭಾವಂದಿರ ಸಲಿಗೆ. ಒಂದು ದಿನ ಭಟ್ಟಿಯ ಕೆಳಗಿನ ಕಿಂಡಿಗೆ ಯಾರೋ ಗೋಣಿಚೀಲ ಒತ್ತಿ ಇಟ್ಟಿದ್ದರು. ಒಳಗಿನ ಬೆಂಕಿ ಮಂಕಾಗಿ, ರೊಟ್ಟಿ ಹಸಿಹಸಿ ಬಂದವು. ಸಲಾವುದ್ದೀನ್ ಚೀಲ ಕಿತ್ತೆಸೆದು ಬೈದ.

"ಕೆಳಗಿನ ಸುರಾಖ್ ಮುಚ್ಚಿಟ್ರ ಭಟ್ಟಿ ಸಾಯ್ತದೋ ಮಾರಾಯ. ಬಾಯಿ ಒಂದೇ ಇದ್ರ ಅದು ಹ್ಯಾಂಗ ಉಸಿರಾಡ್ತದ?"

ಅಪ್ಪನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತಂತೆ. ಹಗೇವಿಗೂ ಬಾಯಿ ಒಂದೇ ಅಲ್ಲವೇ? ದತ್ತಪ್ಪನ ಕಂದೀಲು ಮೇಲೆ ಉರಿಯುತ್ತಿತ್ತು, ಹೆಣ ಎಳೆಯುವಾಗ ತಳಕ್ಕೆ ಬಿಟ್ಟರೆ ಆರಿಹೋಯಿತು. ಅಂದರೆ ಕೆಟ್ಟ ಗಾಳಿ ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ನೀರಾದರೆ ತಳಕ್ಕೊಂದು ತೂತು ಹೊಡೆದರೆ ಹರಿದು ಹೋಗುತ್ತದೆ. ಇದೂ ಯಾಕೆ ಹೋಗಬಾರದು?

"ಸಲಾವುದ್ದೀನ್ ಭಾಯ್, ಗಾಳಿಗೂ ಇಳಿಜಾರು ತಿಳೀತದೇನು?" ಎಂದು ಕೇಳಿದ.

"ನಿನಗ ಬಿಸಲು ಹತ್ಯಾದ. ನೀರು ಕುಡಿ," ಎಂದ ಸಲಾವುದ್ದೀನ್.

ಅಪ್ಪ ಹಮಾಲಿ ಬಿಟ್ಟು ಊರಿಗೆ ಬಂದ. ಬಂದವನು ಬಂದ ಕಾಲಲ್ಲೇ ಸಾಹುಕಾರರ ಹಗೇವು ಅಗೆಯಲು ಓಡಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಊರವರು ಹೇಳುವುದು ಅವನೊಬ್ಬ ಹುಂಬ ಎಂದು. ಹುಂಬನಾಗಿದ್ದರೆ ಇಷ್ಟು ದಿನ ಹಿಡಿಯುತ್ತಿರಲಿಲ್ಲ. ನಾಲಾ ದಂಡೆಯ ಇಳಿಜಾರಿನಲ್ಲಿ ಎರಡು ದೊಡ್ಡ ಗಡಿಗೆ ಹೂತ. ಎರಡರಲ್ಲೂ ನೆನೆಸಿದ ಜೋಳ ತುಂಬಿ ಬಾಯಿ ಮುಚ್ಚಿದ. ಒಂದಕ್ಕೆ ಮಾತ್ರ ತಳದಲ್ಲಿ ತೂತು, ಅದರಿಂದ ದಂಡೆಯ ಹೊರಗೆ ಕುಂಬಾರನ ಕೊಳವೆ. ಕೊಳವೆಗೆ ಬಿರಡೆ. ಕೆಲವು ದಿನ ಬಿಟ್ಟು ಬಿರಡೆ ತೆಗೆದು, ಸ್ವಲ್ಪ ತಡೆದು, ಎರಡೂ ಗಡಿಗೆಯಲ್ಲಿ ಹಣತೆ ಇಳಿಸಿ ನೋಡಿದ. ತೂತಿಲ್ಲದ ಗಡಿಗೆಯಲ್ಲಿ ಹಣತೆ ಆರಿತು. ತೂತಿದ್ದದ್ದರಲ್ಲಿ ಉರಿಯಿತು. ಮತ್ತೆ ಮಾಡಿದ, ಮತ್ತೆ ಹಾಗೇ ಆಯಿತು. ಆಮೇಲೆ ನಮ್ಮವ್ವನ ಮೊಟ್ಟೆ ಇಡುವ ಕೋಳಿಗೆ ಕೈ ಹಾಕಿದ.

"ಮಂದಿ ಸಾಯ್ತಾರಂತ ನನ್ನ ಕೋಳಿ ಸಾಯ್ಬೇಕೇನು?" ಅವ್ವ ಹಣಮಮ್ಮ ಕೇರಿಗೆಲ್ಲ ಕೇಳುವಂತೆ ಬೈದಳು.

"ಸಾಯಂಗಿಲ್ಲ. ತೂತಿದ್ದದ್ರಾಗ ಇಡ್ತೀನಿ."

"ತೂತಿಲ್ದದ್ರಾಗೂ ಒಂದು ಇಟ್ಟು ನೋಡು ಮತ್ತ," ಎಂದು ನೋಡಲು ನಿಂತವರು ಕಿಚಾಯಿಸಿದರು.

"ಸಾಯ್ತದಂತ ಗೊತ್ತಿದ್ದದ್ದು ಮತ್ತ್ಯಾಕ ನೋಡೋದು?" ಎಂದ ಅಪ್ಪ. ಕೋಳಿ ಒಳಗೆ ಹೋಗಿ ಕಾಳು ಹೆಕ್ಕಿ ತಿಂದು, ಹೊಟ್ಟೆ ತುಂಬಿಸಿಕೊಂಡು ಹೊರಗೆ ಬಂತು. ಅವ್ವ ಅದನ್ನು ಕಂಕುಳಲ್ಲಿಟ್ಟುಕೊಂಡು ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ.

ಆಮೇಲೆ ಅಪ್ಪ ಸಾಹುಕಾರರ ಕಟ್ಟೆಗೆ ಹೋಗಿ ನಿಂತ. ಅಣವೀರಪ್ಪ ಕೆಟ್ಟ ಮನುಷ್ಯರಲ್ಲ, ಅಂಜುಬುರುಕ ಮನುಷ್ಯ. ದತ್ತಪ್ಪನ ಹೆಣ ತಮ್ಮ ಅಂಗಳದಲ್ಲಿ ಮಲಗಿದ್ದನ್ನು ಅವರು ಮರೆತಿರಲಿಲ್ಲ.

"ಅಪ್ಪಾರೇ, ನಾಲಾ ದಂಡ್ಯಾಗಿಂದು ಸಣ್ಣ ಹಗೇವು ಒಂದು ಕೊಡ್ರಿ. ತಳಕ್ಕ ತೂತು ಹಾಕ್ತೀನಿ. ವರ್ಷಪೂರ್ತಿ ಬಿರಡಿ ಹಾಕಿ, ಬೂದಿ ಮಣ್ಣು ಮೆತ್ತಿರ್ತೀನಿ. ತೆಗೆಯೋ ಹಿಂದಿನ ದಿನ ಅಷ್ಟೇ ಬಿಚ್ಚೋದು."

"ತೂತಿಗೆ ಇಲಿ ಬರ್ತಾವ. ಥಂಡಿ ಬರ್ತದ. ಕಾಳು ಮುಗ್ಗಿದ್ರ ನಾ ಏನು ತಿನ್ನಲಿ, ಮಣ್ಣು?"

"ಈ ಮಳಿಗಾಲ ಬರೇ ಹಗೇವು ಇಟ್ಟು ನೋಡೋಣ್ರಿ. ಒಳಗ ಥಂಡಿ ಬಂತಂದ್ರ ಕಾಳು ಹಾಕೋದೇ ಬ್ಯಾಡ."

ಸಾಹುಕಾರರು ಬಹಳ ಹೊತ್ತು ಗಡ್ಡ ತುರಿಸಿಕೊಂಡರಂತೆ. ಕಡೆಗೆ ನಾಲ್ಕು ಮಂದಿ ಹಿರಿಯರ ಎದುರಿಗೆ ಮಾತಾಯಿತು. ಒಂದು ಹಗೇವು, ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ. ಕಾಳು ಚೊಕ್ಕ ಉಳಿದರೆ ಊರಲ್ಲಿ ಇನ್ನು ಮುಂದೆ ಹಗೇವು ತೋಡುವುದೆಲ್ಲ ಇಳಿಜಾರಿನಲ್ಲೇ, ತೂತು ಹಾಕಿಯೇ. ಸಾಹುಕಾರರೇ ಮುಂದೆ ನಿಂತು ಮಾಡಿಸುತ್ತಾರೆ. ಕಾಳು ಕೆಟ್ಟರೆ ತೂತು ಮುಚ್ಚುವುದು. ಅಂಬಣ್ಣ ಮತ್ತೆ ಆ ಮಾತು ಎತ್ತಬಾರದು, ಮೊದಲಿನ ಹಾಗೆ ತಕರಾರಿಲ್ಲದೆ ಇಳಿಯಬೇಕು. ಅಪ್ಪ ಒಪ್ಪಿ ಬಂದ. ಅವ್ವ ಮಾತ್ರ ರಾತ್ರಿಯ ಊಟ ಬಡಿಸುತ್ತ, "ಗಾಳಿ ನಿನ್ನ ಮಾತು ಕೇಳಬಹುದು, ಕಾಲ ಕೇಳ್ತದೇನು?" ಅಂದಳಂತೆ.

ಆ ಮಳೆಗಾಲ ಬರಿದಾದ ಹಗೇವು ಒಳಗೆ ಒಣಗಿಯೇ ಇತ್ತು. ಕೊಳವೆಯನ್ನು ಹೊರಕ್ಕೆ ಇಳಿಜಾರಾಗಿ ಕೂರಿಸಿದ್ದರಿಂದ ಒಂದು ಹನಿ ನೀರೂ ಒಳಗೆ ಬರಲಿಲ್ಲ. ಕಾಳು ಜಾರದಂತೆ ಒಳಬಾಯಿಗೆ ಈಚಲ ಚಾಪೆ ಹೆಣೆದು ಕಟ್ಟಿದ, ಇಲಿ ಬರದಂತೆ ಹೊರಬಾಯಿಗೆ ಜಾಲಿ ಮುಳ್ಳು ಒತ್ತಿದ. ಮುಂದಿನ ಸುಗ್ಗಿಗೆ ಜೋಳ ತುಂಬಿದರು. ಅದು ನಲವತ್ತೆಂಟನೇ ಇಸವಿ. ಒಂದು ಕಡೆ ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಹಾವಳಿ, ಇನ್ನೊಂದು ಕಡೆ ಗಡಿಯಾಚೆ ನಿಜಾಮನ ವಿರುದ್ಧ ಹೋರಾಡುವವರ ಶಿಬಿರಗಳಿಂದ ಬರುವ ಸುದ್ದಿ. ಊರಲ್ಲಿ ಅರ್ಧ ಮನೆಗೆ ಬೀಗ. ಅಂಥದರಲ್ಲೂ ಮಳೆಗಾಲದ ನಡುವೆ ಲೆವಿಯವರು ಬಂಡಿ ಹೊಡೆದುಕೊಂಡು ಬಂದು ಸಾಹುಕಾರರ ಆ ತೂತಿನ ಹಗೇವನ್ನೇ ತೆಗೆಸಿದರು.

ಲೆವಿಯವರು ಬರುವ ಸುದ್ದಿ ಸಿಕ್ಕಿದ್ದರಿಂದ ಅಪ್ಪ ಹಿಂದಿನ ದಿನವೇ ಬಿರಡೆ ಬಿಚ್ಚಿದ್ದ. ಕಂದೀಲನ್ನು ಕಾಳಿನ ಮೇಲೆ ಕೂರಿಸಿದರು, ಉರಿಯಿತು. ಕಾಳಿನೊಳಗೆ ಮೊಣಕೈ ಆಳ ಕುಣಿ ಮಾಡಿ ಅದರಲ್ಲಿ ಇಟ್ಟರು, ಅಲ್ಲೂ ಉರಿಯಿತು. ಅಪ್ಪ ಇಳಿದು, ಅರ್ಧ ಹಗೇವು ಬರಿದಾಗುವವರೆಗೆ ಒಳಗೇ ಇದ್ದು, ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದ. ನಾನು ಅವ್ವನ ಸೆರಗು ಹಿಡಿದು ನಿಂತು ನೋಡಿದ್ದೇನೆ. ಅಪ್ಪ ನಗುತ್ತಿದ್ದ. ಅವನು ಹಾಗೆ ನಗುವುದನ್ನು ನಾನು ಕಂಡದ್ದು ಅದೊಂದೇ ಸಲ.

"ಗಾಳೀದು ಗೆದ್ದಿ," ಎಂದರು ಸಾಹುಕಾರರು. "ಕಾಳಿಂದು ಸುಗ್ಗಿತನಕ ನೋಡೋಣು." ಉಳಿದ ಅರ್ಧ ಜೋಳದ ಮೇಲೆ ಮತ್ತೆ ಕಲ್ಲು ಎಳೆದು ಮುಚ್ಚಿದರು.

ಇನ್ನು ಮುಂದಿನದು ನನಗೆ ಏಳು ವರ್ಷ ಕಳೆದ ಮೇಲೆ ತಿಳಿದದ್ದು. ಆದರೆ ಅದು ಎಲ್ಲಿ ನಡೆಯಿತೋ ಅಲ್ಲೇ ಹೇಳುತ್ತೇನೆ.

ಲತೀಫಾ ಚೊಚ್ಚಲ ಬಾಣಂತನಕ್ಕೆ ಕಮಲಾಪುರದ ತವರಿಗೆ ಬಂದಿದ್ದಳು. ಹೆಣ್ಣುಕೂಸು, ಬಿಸ್ಮಿಲ್ಲಾ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅವಳು ಮತ್ತು ಮುದುಕಿ ತಾಯಿ ಇಬ್ಬರೇ. ಅಷ್ಟರಲ್ಲಿ ಪೋಲೀಸ್ ಆ್ಯಕ್ಷನ್ ಆಯಿತು, ದಿಲ್ಲಿಯ ಸೈನ್ಯ ನಿಜಾಮನ ಮೇಲೆ ಬಂತು. ಹೈದರಾಬಾದು ಶರಣಾಯಿತು ಎಂದು ಸುದ್ದಿ ಬಂತು. ರಜಾಕಾರರು ಬಂದೂಕು ಬಾವಿಗೆ ಎಸೆದು ಎತ್ತಲೋ ಹೋದರು. ಅವರು ಮಾಡಿದ್ದಕ್ಕೆ ಲೆಕ್ಕ ಕೇಳಲು ಹೊರಟವರಿಗೆ ಸಿಕ್ಕವರು ಮಾತ್ರ ಏನೂ ಮಾಡದ ಮುಸಲ್ಮಾನರು. ಸುತ್ತಲ ಹಳ್ಳಿಗಳಿಂದ ಗುಂಪು ಬರುತ್ತಿದೆಯಂತೆ, ನಮ್ಮೂರಿನ ಕೆಲವರೂ ಬಡಿಗೆ ಹಿಡಿದು ಸೇರಿಕೊಂಡಿದ್ದಾರಂತೆ ಎಂದು ಅಪ್ಪನ ಕಿವಿಗೆ ಬಿತ್ತು.

ಮಧ್ಯಾಹ್ನ ಹುಮನಾಬಾದ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಬಂದವು. ಊರಿಗೆ ಊರೇ ನೋಡಲು ಓಡಿತು. ನಾನೂ ಓಡಿದೆ. ಲಾರಿಯವರಿಗೆ ಹೂ ಎಸೆದು ಬಂದೆ. ಅದೇ ಹೊತ್ತಿನಲ್ಲಿ ಅಪ್ಪ, ಅವ್ವ ಇಬ್ಬರೂ ಲತೀಫಾಳ ಮನೆಯ ಹಿತ್ತಲಿಗೆ ಹೋಗಿ, ಕೂಸನ್ನು ಎತ್ತಿಕೊಂಡು ಹೊರಡಿ ಎಂದರು.

"ಎಲ್ಲಿಗಣ್ಣಾ?" ಎಂದು ಲತೀಫಾ ಕೇಳಿದಳು.

"ಹಗೇವಿಗೆ."

ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹಗೇವಿನಲ್ಲಿ ಮಂದಿ ಸಾಯುವುದು ಯಾರಿಗೆ ಗೊತ್ತಿಲ್ಲ? "ಬಡಿಗಿ ಏಟಿಗೆ ಸತ್ರೂ ಚಲೋ, ಅದರಾಗ ಬ್ಯಾಡ ಬೇಟಾ" ಅಂದಳು.

"ಅಮ್ಮಾ, ಅದು ಉಸಿರಾಡ್ತದ. ನಿಮ್ಮ ಅಳಿಯ ಕಲಿಸಿದ್ದೇ ಇದು," ಎಂದ ಅಪ್ಪ. ಮಾತಿಗೆ ಹಾಗೆ ಹೇಳಿದನೇ ಹೊರತು ಅವನಿಗೂ ಅಂಜಿಕೆ ಇತ್ತಂತೆ. ಕೋಳಿ ಸ್ವಲ್ಪ ಹೊತ್ತು ಇದ್ದು ಬಂದದ್ದು ಬೇರೆ, ಮೂರು ಜೀವ ಇರುವುದು ಬೇರೆ. ಬಿರಡೆ ಬಿಚ್ಚಿದ, ಹಾಸುಗಲ್ಲು ಸರಿಸಿದ, ಕಂದೀಲು ಇಳಿಸಿ ಸಾಧ್ಯವಾದಷ್ಟು ಹೊತ್ತು ಕಾದ. ಆಮೇಲೆ ತಾನೇ ಮೊದಲು ಇಳಿದು, ಜೋಳದ ಮೇಲೆ ಮಲಗಿ ನೋಡಿ, ಅವರನ್ನು ಕರೆದುಕೊಂಡ. ಮೇಲೆ ಕಲ್ಲನ್ನು ಎರಡು ಬೆರಳು ಸಂದಿ ಬಿಟ್ಟು ಎಳೆದು, ಕಣಕಿ ಹರವಿದರು. ಅವ್ವ ಅದರ ಮೇಲೆ ಎಮ್ಮೆ ಕಟ್ಟಿದಳು.

ಮೂರು ದಿನ ಅವರು ಅಲ್ಲಿದ್ದರು. ಗುಂಪಿನವರು ಬಂದು ಲತೀಫಾಳ ಮನೆಯ ಬಾಗಿಲು ಮುರಿದರು. ನಮ್ಮ ಕೇರಿಗೂ ಬಂದು ಕೇಳಿದರು. ಹಗೇವಿನ ಪಕ್ಕದಲ್ಲೇ ನಿಂತು ನೀರು ಕುಡಿದು ಹೋದರು. ಒಬ್ಬನು ಎಮ್ಮೆಯ ಬೆನ್ನು ಸವರಿ, "ಹಗೇವಿನಾಗ ನೋಡೋದೇನು?" ಎಂದನಂತೆ. ಇನ್ನೊಬ್ಬ, "ಅದ್ರಾಗ ಇಳಿದ್ರ ನಾವು ಹೊಡೆಯೋದು ಬ್ಯಾಡ, ಅದೇ ಹೊಡೀತದ" ಎಂದು ನಕ್ಕ. ಅವ್ವ ಸಗಣಿ ತಟ್ಟುತ್ತಲೇ ಇದ್ದಳು. ಒಳಗೆ ಲತೀಫಾ ಕೂಸಿನ ಬಾಯಿಗೆ ಎದೆ ಒತ್ತಿ ಹಿಡಿದಿದ್ದಳು.

ಮಿಲಿಟರಿಯವರು ಊರಲ್ಲಿ ಚೌಕಿ ಹಾಕಿದ ಮೇಲೆ ಅಪ್ಪ ಅವರನ್ನು ಹೊರಗೆ ತೆಗೆದ. ಮೂವರೂ ಬದುಕಿದ್ದರು. ಅಪ್ಪನ ತೂತು ಗೆದ್ದಿತ್ತು. ಹೇಳಿಕೊಳ್ಳಲು ಮಾತ್ರ ಒಬ್ಬರಿಲ್ಲ.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ಗಂಟಲು ಹರಿಯುವಂತೆ ಕೇಳಿದ್ದೇನೆ. ಹಗೇವಿಗೆ ವಿಭೂತಿ ಹಚ್ಚಿ ಕಾಯಿ ಒಡೆದ ಮೇಲೆ ಅದು ಬರೀ ಕುಣಿಯಲ್ಲ, ಅನ್ನದ ಮನೆ. ಯಜಮಾನನಿಗೆ ಹೇಳದೆ ಅದನ್ನು ತೆಗೆಯುವುದೇ ಅಪರಾಧ. ಅದರಲ್ಲಿ ಬಾಣಂತಿ ಕೂತಳು, ಕೂಸು ಉಚ್ಚೆ ಹೊಯ್ದಿತು ಎಂದರೆ ಮುಗಿಯಿತು. ಆ ಜೋಳ ಸಾಹುಕಾರರ ಮನೆಗೆ ಹೋಗುತ್ತದೆ, ಮಠದ ದಾಸೋಹಕ್ಕೆ ಹೋಗುತ್ತದೆ, ಕೂಲಿಯಾಗಿ ಕೇರಿಗೂ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಡಿಗೆ ಹಿಡಿದವರು ಇನ್ನೂ ಊರಲ್ಲೇ ಓಡಾಡಿಕೊಂಡಿದ್ದರು. ಲತೀಫಾಳ ಮುದುಕಿ ತಾಯಿಯೂ ಅದೇ ಊರಲ್ಲೇ ಇರಬೇಕಿತ್ತು.

ಒದ್ದೆಯಾಗಿ ಕಂಡ ಕಾಳನ್ನೆಲ್ಲ ಅಪ್ಪ ಬುಟ್ಟಿಯಲ್ಲಿ ತೆಗೆದು ನಾಲಾಕ್ಕೆ ಸುರಿದ. ಕಾಣದೇ ಒಳಗಿಳಿದ ತೇವವನ್ನು ಏನು ಮಾಡುವುದು? ಮೂರು ದಿನದ ಕುಡಿಯುವ ನೀರು, ಕೂಸಿನ ಉಚ್ಚೆ, ಬೆವರು. ಮೂವರ ಉಸಿರೂ ಕಣಕಿಗೆ ಹತ್ತಿತ್ತು. ಬಿಸಿಲಿಗೆ ಹರವಿದರೆ ಊರು ನೋಡುತ್ತದೆ. ಹಾಗೇ ಮುಚ್ಚಿದ. ಮುಚ್ಚಿ ಬಂದು ಆರು ತಿಂಗಳು ಸುಗ್ಗಿಗಾಗಿ ಕಾದ. ಕಾಯುವಾಗಲೇ ಅವನಿಗೆ ಗೊತ್ತಿತ್ತು.

ಸಲಾವುದ್ದೀನ್ ಕಲಬುರಗಿಯಲ್ಲಿ ಯಾರದೋ ಅಟ್ಟದ ಮೇಲೆ ಅಡಗಿ ಬದುಕಿದ್ದ. ಬಂದು ಹೆಂಡತಿ, ಕೂಸನ್ನು ಕರೆದುಕೊಂಡು ಹೋದ. ಹೋಗುವಾಗ ಅಪ್ಪನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡನಂತೆ.

ಸುಗ್ಗಿಯಲ್ಲಿ ಹಗೇವು ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. ಹಿರಿಯರು ಬಂದಿದ್ದರು, ಅರ್ಧ ಊರು ಬಂದಿತ್ತು. ಕಲ್ಲು ಸರಿಸುತ್ತಲೇ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಒಂದು ಮಗ್ಗುಲಿನ ಜೋಳ ಕಪ್ಪಾಗಿ ಗಂಟುಗಂಟಾಗಿತ್ತು. ತೂತಿದ್ದದ್ದು ನಾಲಾ ಕಡೆಗೆ, ಜೋಳ ಮುಗ್ಗಿದ್ದದ್ದು ಅದರ ಎದುರು ಮಗ್ಗುಲಿಗೆ, ಅವರು ಕೂತಿದ್ದ ಕಡೆಗೆ. ಅದನ್ನು ಯಾರೂ ನೋಡಲಿಲ್ಲ. ಅಣವೀರಪ್ಪ ಸಾಹುಕಾರರು ಬಗ್ಗಿ, ಒಂದು ಗಂಟನ್ನು ಕೈಯಲ್ಲಿ ಪುಡಿಮಾಡಿ ಮೂಗಿಗೆ ಹಿಡಿದರು. ಹಿಡಿದವರು ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಮುಷ್ಟಿ ಕಟ್ಟಿ, ಯಾವತ್ತೂ ಎತ್ತದ ದನಿ ಎತ್ತಿ ಕೂಗಿದರು.

"ತೂತಿನಿಂದ ಥಂಡಿ ಹೊಕ್ಕಾದ. ನಾ ಮೊದಲೇ ಹೇಳಿದ್ದೆ. ಕಲ್ಲು ತುಂಬಿ ಮುಚ್ಚರಿ ಅದನ್ನ. ಈಗಿಂದೀಗ ಮುಚ್ಚರಿ."

ಮಂದಿ ನಕ್ಕರು. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ನಾನು ಓಡಿಹೋಗಿ ಅವನ ಕೈ ಜಗ್ಗಿ, "ಅಪ್ಪಾ, ಕೆಟ್ಟದ್ದು ಈ ಕಡೀಗಿಂದು, ತೂತಿನ ಕಡೀದಲ್ಲ, ಹೇಳು" ಅಂದೆ. ಅವನು ನನ್ನ ಬಾಯಿಗೆ ಅಂಗೈ ಇಟ್ಟ. ಬಿರಡೆ ಕಿತ್ತು, ಕೊಳವೆ ಒಡೆದು, ಕಲ್ಲು ತುಂಬಿದರು. ಆ ಕಲ್ಲನ್ನು ಹೊತ್ತು ಹಾಕಿದವನೂ ಅಪ್ಪನೇ. ಕೂಲಿಯವನು ಅವನೇ ತಾನೆ. ಅಂದಿನಿಂದ ತೂತಿನ ಅಂಬಣ್ಣ ಎಂಬ ಹೆಸರು ಅಂಟಿಕೊಂಡಿತು.

ಮರುವರ್ಷ ಹೊಸ ಸರ್ಕಾರದ ಲೆವಿ ಬಂತು. ಸರ್ಕಾರ ಬದಲಾಗಿತ್ತು, ಲೆವಿ ಬದಲಾಗಿರಲಿಲ್ಲ. ಬಂಡಿಯ ಬದಲು ಲಾರಿ ಬಂದಿತ್ತು, ಅಷ್ಟೇ. ಅದೇ ನಾಲಾ ದಂಡೆಯ ಹಗೇವು. ಅಪ್ಪ ಬೆಳಿಗ್ಗೆ ಕಲ್ಲು ಸರಿಸಿ, "ನಾಳಿ ಇಳೀತೀನ್ರಿ. ಒಂದು ದಿನ ಬಾಯಿ ತೆರೆದು ಬಿಡಬೇಕು" ಅಂದ. ಲಾರಿಯ ಜೊತೆ ಬಂದವನು ಒಪ್ಪಲಿಲ್ಲ. ಸಂಜೆಯೊಳಗೆ ಮಾಲು ಕಲಬುರಗಿ ಗೋದಾಮಿಗೆ ಸೇರಬೇಕು, ಇಲ್ಲವಾದರೆ ಸಾಹುಕಾರರು ಕಾಳು ಬಚ್ಚಿಟ್ಟರೆಂದು ಬರೆದು ಕಳಿಸುತ್ತೇನೆ ಎಂದ. ಸಾಹುಕಾರರು ಕೈ ಹೊಸೆಯುತ್ತ ಬೇಡಿಕೊಂಡರು, ಅವನು ಲಾರಿ ಹತ್ತಿ ಕೂತ. ಸಾಹುಕಾರರು ಅಪ್ಪನ ಕಡೆ ನೋಡಿದರು. ಹಿರಿಯರೊಬ್ಬರು, "ತಕರಾರಿಲ್ಲದೆ ಇಳೀತೀನಿ ಅಂದಿದ್ಯಲ್ಲ ಅಂಬಣ್ಣ" ಅಂದರು.

ಅಪ್ಪ ಕಂದೀಲು ಇಳಿಬಿಟ್ಟ. ಕಾಳಿನ ಮೇಲೆ ಕೂರಿಸಿ ಬಹಳ ಹೊತ್ತು ನೋಡಿದ. ಸಣ್ಣಗೆ ಉರಿಯುತ್ತಿತ್ತು. ಕಾಳಿನೊಳಗೆ ಕುಣಿ ಮಾಡಿ ನೋಡಲು ಲಾರಿಯವನು ಬಿಡಲಿಲ್ಲ. ನಡುವಿಗೆ ಹಗ್ಗ ಬಿಗಿದುಕೊಂಡ, ಹಗ್ಗದ ತುದಿಯನ್ನು ನಾಲ್ಕು ಮಂದಿಯ ಕೈಗೆ ಕೊಟ್ಟ. ಅವ್ವನ ಕಡೆ ಒಮ್ಮೆ ನೋಡಿ ಇಳಿದ. ಎರಡು ಬುಟ್ಟಿ ಮೇಲೆ ಬಂದವು. ಮೂರನೆಯದು ಬರಲಿಲ್ಲ. ಕಾಳು ಕೆದಕಿದಾಗ ಅದರೊಳಗೆ ಕೂತಿದ್ದ ಗಾಳಿ ಎದ್ದಿರಬೇಕು. ಅವನು ಬಗ್ಗಿ ತೋಡುತ್ತಿದ್ದ. ಹಗ್ಗ ಜಗ್ಗಿದರು, ಬೇಗನೇ ಜಗ್ಗಿದರು, ಯಾರ ತಪ್ಪೂ ಇಲ್ಲ. ಸಾಹುಕಾರರ ಅಂಗಳದಲ್ಲಿ ದತ್ತಪ್ಪನನ್ನು ಮಲಗಿಸಿದ ಜಾಗದಲ್ಲೇ ಮಲಗಿಸಿದರು. ಲಾರಿಯವನು ಬರೀ ಎರಡು ಬುಟ್ಟಿ ಬಿದ್ದ ಲಾರಿ ತೆಗೆದುಕೊಂಡು ಹೊರಟುಹೋದ.

ನನ್ನ ಮದುವೆಯಾದದ್ದು ಕಲಬುರಗಿಗೆ. ಗಂಡನೂ ಗೋದಾಮಿನ ಹಮಾಲ. ಐವತ್ತೈದನೇ ಇಸವಿಯಲ್ಲಿ ಒಂದು ದಿನ ಅವನಿಗೆ ಬುತ್ತಿ ಕೊಟ್ಟು ಸ್ಟೇಶನ್ ಬಜಾರದಲ್ಲಿ ಬರುವಾಗ ಭಟ್ಟಿಯ ಕಟ್ಟೆಯಿಂದ ಒಬ್ಬಾಕೆ ಕೂಗಿದಳು. "ನೀ ಅಂಬಣ್ಣನ ಮಗಳಲ್ಲಾ? ಅದೇ ಮೂಗು." ಆ ವರ್ಷದ ಅಂಜಿಕೆಗೆ ಅವಳು ಮತ್ತೆ ತವರಿಗೆ ಕಾಲಿಟ್ಟಿರಲಿಲ್ಲ, ಊರಿನ ಸುದ್ದಿಯೂ ಅವಳಿಗೆ ಮುಟ್ಟಿರಲಿಲ್ಲ. ಲತೀಫಾ ಚಾಚಿ ನನ್ನನ್ನು ಒಳಗೆ ಕೂರಿಸಿ, ಬಿಸಿ ರೊಟ್ಟಿ ಮುಂದಿಟ್ಟು, "ಅಣ್ಣ ಹ್ಯಾಂಗಿದ್ದಾನ?" ಎಂದಳು. ನಾನು ಹೇಳಿದೆ. ಎಲ್ಲಿ ಹೇಗೆ ಹೋದ ಎಂಬುದನ್ನೂ ಹೇಳಿದೆ. ಅವಳು ನನ್ನ ಎದುರಿಗೆ ಕೂತು, ಆ ಮೂರು ದಿನದ ಕಥೆಯನ್ನು ಮೊದಲಿನಿಂದ ಹೇಳಿದಳು. ಏಳು ವರ್ಷದ ಬಿಸ್ಮಿಲ್ಲಾ ನಮ್ಮ ಮುಂದೆ ಕುಂಟಾಬಿಲ್ಲೆ ಆಡುತ್ತಿದ್ದಳು. ಮುಂದಿಟ್ಟ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದೆ.

ಮರುದಿನವೇ ಬಸ್ಸು ಹಿಡಿದು ಊರಿಗೆ ಹೋಗಿ ಅವ್ವನ ಮೈಮೇಲೆ ಬಿದ್ದೆ. "ನಿನಗ ಗೊತ್ತಿತ್ತು. ಅವ ಇಳಿಯೋಮುಂದ ಬಾಯಿ ಬಿಡಬಾರದಾಗಿತ್ತೇನು?"

"ಕೇಳಿದೆ," ಎಂದಳು ಅವ್ವ. "ಹಿಂದಿನ ವರ್ಷ ತೂತು ಮುಚ್ಚಿದ ದಿನವೇ ಕೇಳಿದೆ, ಹೇಳಲಾ ಅಂತ. 'ಆ ಮುದುಕಿ ಇನ್ನಾ ಊರಾಗ ಅದಾಳ, ಆಕಿ ಇರೋತನ ಬ್ಯಾಡ' ಅಂದ. ನಾ ಏನು ಮಾಡ್ಲಿ, ಹೇಳು. ನೀ ಆಗಿದ್ರ ಏನು ಮಾಡ್ತಿದ್ದಿ?"

ನನ್ನ ಸಿಟ್ಟು ಇಳಿಯಲಿಲ್ಲ. ಮುದುಕಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಇನ್ನು ಯಾರ ಭಯ ಎಂದುಕೊಂಡು ಸಾಹುಕಾರರ ಮನೆಗೆ ನಡೆದೆ. ನಿಮ್ಮ ಜೋಳ ಕೆಡಿಸಿದ್ದು ತೂತಲ್ಲ, ನಮ್ಮಪ್ಪ ಸೋತಿರಲಿಲ್ಲ ಎಂದು ಮುಖದ ಮೇಲೆ ಹೇಳಿ ಬರಬೇಕೆಂದಿದ್ದೆ.

ಅಣವೀರಪ್ಪನವರು ಲಕ್ವ ಹೊ‌ಡೆದು ಪಡಸಾಲೆಯಲ್ಲಿ ಮಲಗಿದ್ದರು. ಒಂದು ಕೈ ಮಾತ್ರ ಆಡುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಒದರಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಆಡುವ ಕೈಯಿಂದ ಗೋಡೆಯ ಗೂಡು ತೋರಿಸಿದರು. ವಿಭೂತಿ ಗಟ್ಟಿಯ ಹಿಂದೆ ಒಂದು ಅರಿವೆಯ ಗಂಟಿತ್ತು. ಬಿಚ್ಚಿದೆ. ಕರಿದಾರಕ್ಕೆ ಪೋಣಿಸಿದ ಸಣ್ಣ ತಾಯಿತ. ಮುಸಲ್ಮಾನರ ಮನೆಯಲ್ಲಿ ಎಳೆಗೂಸಿನ ಕೊರಳಿಗೆ ಕಟ್ಟುತ್ತಾರಲ್ಲ, ಅದು.

"ಅವತ್ತು ಆ ಜೋಳದ ಗಂಟಿನಾಗ ಸಿಕ್ತು," ಎಂದರು ಸಾಹುಕಾರರು. ಮಾತು ತೊದಲುತ್ತಿತ್ತು. "ಕೈಯಾಗ ಹಿಡಿದಕೂಡಲೇ ತಿಳೀತು. ಬಡಿಗಿ ಹಿಡಿದವರು ನನ್ನ ಮಗ್ಗಲಿಗೇ ನಿಂತಿದ್ರು. ಮುಷ್ಟಿ ಬಿಚ್ಚಿದ್ರ ಅವನನ್ನೂ ಬಿಡ್ತಿರ್ಲಿಲ್ಲ, ನನ್ನ ಮನೀನೂ ಬಿಡ್ತಿರ್ಲಿಲ್ಲ. ಅದಕ್ಕ ತೂತಿನ ಮ್ಯಾಲ ಹಾಕಿ ಒದರಿದೆ. ಒಂದೆರಡು ವರ್ಷ ಹೋಗಲಿ, ಎಲ್ಲಾರೂ ಮರೀಲಿ, ಮತ್ತ ತೂತು ತೆಗಸೋಣು ಅಂದ್ಕೊಂಡಿದ್ದೆ."

"ಅಪ್ಪಗ ಒಂದು ಮಾತು ಹೇಳಬಾರದಾಗಿತ್ತೇನ್ರಿ? ಒಬ್ಬಂವಗೇ, ಕಿವ್ಯಾಗ?"

"ನನಗ ತಿಳಿದದ್ದು ಗೊತ್ತಾದ್ರ ಅವ ಅಂಜ್ಯಾನಂತ ಅಂಜಿದೆ ನಾ. ಅವನೂ ಬಂದು ಹೇಳಲಿಲ್ಲ."

ನಾನು ತಾಯಿತವನ್ನು ಮತ್ತೆ ಅರಿವೆಯಲ್ಲಿ ಸುತ್ತುವಾಗ ಅವರು, "ಕೂಸು ಬದುಕ್ಯಾದ?" ಎಂದು ಕೇಳಿದರು.

"ಬದುಕ್ಯಾಳ್ರಿ. ಕುಂಟಾಬಿಲ್ಲಿ ಆಡ್ತಾಳ."

"ಒಯ್ದು ಕೊಡು," ಎಂದರು. ಕಣ್ಣೀರು ಒಂದು ಕಡೆಯಿಂದ ಮಾತ್ರ ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ. "ನೀ ನನ್ನ ಬೈದು ಹೋಗು ಶಂಕ್ರಮ್ಮ. ಯಾರೂ ಬೈದಿಲ್ಲ."

ಬೈಯಲೆಂದೇ ಬಂದವಳು ನಾನು. ಸೆರಗಿನಿಂದ ಅವರ ಕೆನ್ನೆ ಒರೆಸಬೇಕೆನಿಸಿತು, ನಮ್ಮ ಕೇರಿಯವರು ಅವರನ್ನು ಮುಟ್ಟುವ ಹಾಗಿಲ್ಲ ಎಂಬುದು ನೆನಪಾಗಿ ಹೊರಗೆ ಬಂದೆ. ದಾರಿಯಲ್ಲಿ ನಾಲಾ ದಂಡೆಯ ಹಗೇವಿತ್ತು. ತೂತಿನ ಜಾಗದಲ್ಲಿ ಅಪ್ಪ ಹೊತ್ತು ಹಾಕಿದ ಕಲ್ಲುಗಳು ಹಾಗೇ ಇದ್ದವು. ಅದರ ಬಾಯಿಗೆ ಆ ವರ್ಷವೂ ಹೊಸ ವಿಭೂತಿ ಹಚ್ಚಿದ್ದರು. ಮೂರು ಜೀವ ಮೂರು ದಿನ ಉಸಿರಾಡಿದ ಜಾಗ ಅದು. ನಮ್ಮಪ್ಪನಿಗೆ ಮೂರು ಬುಟ್ಟಿ ತುಂಬುವವರೆಗೂ ಉಸಿರು ಸಿಗದ ಜಾಗವೂ ಅದೇ.

ತಾಯಿತವನ್ನು ಕೈಯಲ್ಲಿ ಹಿಡಿದು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವನು ನಮ್ಮೂರಿನವನೇ, ವಯಸ್ಸಾದವನು, ಅವತ್ತು ಬಡಿಗೆ ಹಿಡಿದವರಲ್ಲಿ ಒಬ್ಬನಂತೆ. "ತೂತಿನ ಅಂಬಣ್ಣನ ಮಗಳಲ್ಲೇನವಾ ನೀನು?" ಎಂದು ನಗುತ್ತ ಕೇಳಿದ. ಹೇಳಿಬಿಡಲೇ ಎಂದು ಬಾಯಿ ತೆರೆದೆ. ಬಿಸ್ಮಿಲ್ಲಾ ಕಣ್ಣ ಮುಂದೆ ಬಂದಳು.

"ಹೌದ್ರಿ," ಎಂದೆ. ಕಲಬುರಗಿ ಬರುವವರೆಗೂ ಮುಷ್ಟಿ ಬಿಚ್ಚಲಿಲ್ಲ.